ವಾಯಿದೆ, ಮುಂದೂಡಿಕೆ, ನಿಲುವಳಿ: ಗಡಿನಾಡಿನ ಸಭಾಭಾಷೆಯಲ್ಲಿ ಒಂದು ಶಬ್ದವಿಚಾರ

ಸಭೆ ನೆರೆಯುವುದಕ್ಕೆ ನಮ್ಮ ಭಾಷೆಯಲ್ಲಿ ಶಬ್ದಗಳಿಗೆ ಬರವಿಲ್ಲ. ಕೂಡುವುದು, ನೆರೆಯುವುದು, ಸೇರುವುದು, ಕೂಟ, ಕೂಡಾವಳಿ ಎಂದು ಹೇಳುತ್ತ ಹೋಗಬಹುದು. ಆದರೆ ಕೂಡಿದ ಸಭೆಯನ್ನು ನಡುವಿನಲ್ಲಿ ನಿಲ್ಲಿಸಿ, ಅದು ಮುಗಿಯಿತೆನ್ನದೆ, ಇನ್ನೊಂದು ದಿನ ಅಲ್ಲಿಂದಲೇ ಮುಂದುವರಿಸುವುದಕ್ಕೆ ಏನೆನ್ನಬೇಕು? ರಾಯದುರ್ಗದಲ್ಲಾಗಲಿ ಮಡಕಶಿರಾದಲ್ಲಾಗಲಿ ಈ ಪ್ರಶ್ನೆಯನ್ನು ಕೇಳಿದರೆ ಕನ್ನಡಿಗನೂ ತೆಲುಗನೂ ಒಂದೇ ಉತ್ತರ ಕೊಡುತ್ತಾರೆ: 'ವಾಯಿದಾ'. ಮೀಟಿಂಗು ವಾಯಿದಾ ಬಿತ್ತು, ವಾಯಿದಾ ಹಾಕಿದರು. ಅದೇ ಮಾತನ್ನು ಶಿರಾದಲ್ಲೋ ಚಳ್ಳಕೆರೆಯಲ್ಲೋ ಹೇಳಿದರೆ ಕೇಳಿದವರು ಕೋರ್ಟಿನ ವ್ಯವಹಾರವೆಂದು ಭಾವಿಸುವರು. ಅಲ್ಲಿ ಸಭೆಯನ್ನು 'ಮುಂದೂಡು'ತ್ತಾರೆ, 'ಮುಂದಕ್ಕೆ ಹಾಕು'ತ್ತಾರೆ. ಕೆಲವೇ ಹರದಾರಿಗಳ ಅಂತರದಲ್ಲಿ ಒಂದು ಸಾಮಾನ್ಯ ವ್ಯವಹಾರದ ಶಬ್ದ ಹೀಗೆ ಬದಲಾಗುವುದು ಭಾಷಾಭ್ಯಾಸಿಗಳಿಗೆ ಕುತೂಹಲದ ಸಂಗತಿ. ಗಡಿನಾಡಿನ ಉಪಾಧ್ಯಾಯರಾದ ನಮಗೆ ಅದು ಕುತೂಹಲವಷ್ಟೇ ಅಲ್ಲ. ಶಬ್ದವನ್ನು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಕೆಲಸ ಕೆಡುವುದುಂಟೆಂಬುದನ್ನು ಮುಂದೆ ನಿವೇದಿಸುತ್ತೇವೆ.

ಮೊದಲು ಸ್ಥಳದ ವಿಚಾರ. ಈಗಿನ ಅನಂತಪುರ ಜಿಲ್ಲೆ 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಹುಟ್ಟಿದ್ದು. ಮಡಕಶಿರಾ ತಾಲ್ಲೂಕು ಅಂದೇ ಹೊಸ ಜಿಲ್ಲೆಯ ಪಾಲಿಗೆ ಬಂತು. ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾದಾಗ ಆದೋನಿ, ಆಲೂರುಗಳೊಡನೆ ಅದೂ ಆಂಧ್ರಕ್ಕೆ ಸೇರಿತು. ಮಡಕಶಿರಾ ಮೂರು ಕಡೆ ಕರ್ನಾಟಕದ ನೆಲದಿಂದ ಸುತ್ತುವರಿಯಲ್ಪಟ್ಟಿದೆ: ಶಿರಾ, ಪಾವಗಡ, ಮಧುಗಿರಿ, ಗೌರಿಬಿದನೂರು ಎಲ್ಲವೂ ನೆರೆಯವೇ. 2022ರ ಏಪ್ರಿಲಿನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲಿ ನಿಂತಿತು. ಆದರೂ ಹಳೆಯ ಅಭ್ಯಾಸದಂತೆ ಎರಡನ್ನೂ ಅನಂತಪುರದ ಸೀಮೆಯೆಂದೇ ಹೇಳುವವರು ಬಹಳ ಮಂದಿ. ಪ್ರಕೃತ ಲೇಖನದಲ್ಲಿ ನಾವೂ ಹಾಗೆಯೇ ಹೇಳಿದರೆ ವಾಚಕರು ತಪ್ಪೆಣಿಸಲಾರರು.

ಈ ಸೀಮೆ ಕನ್ನಡಕ್ಕೆ ನೆನ್ನೆ ಮೊನ್ನೆಯದಲ್ಲ. ಮಡಕಶಿರಾ ತಾಲ್ಲೂಕಿಗೆ ಸೇರಿದ್ದ ಹೇಮಾವತಿ ಎಂಬ ಊರು ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿಯ ಗುಡಿಗಳ ಕಲ್ಲುಕೆಲಸವನ್ನೂ ಕನ್ನಡ ಶಾಸನಗಳನ್ನೂ ನೋಡದವರು ಒಮ್ಮೆ ಹೋಗಿ ನೋಡತಕ್ಕದ್ದು. ಹಳೆಯ ಮದರಾಸು ಪ್ರಾಂತದ ಕನ್ನಡ ಶಾಸನಗಳನ್ನು ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಪ್ರತ್ಯೇಕವಾಗಿಯೇ ಅಚ್ಚು ಹಾಕಿದ್ದಾರೆ. ಶಾಸನಗಳಲ್ಲಿ ಮಹಾಜನರು ನೆರೆದುದು, ಗಾವುಂಡರು ಕೂಡಿ ಭೂಮಿ ಬಿಟ್ಟುದು ಕಾಣುತ್ತದೆ. ನೆರೆದವರು ಏನೂ ತೀರ್ಮಾನಿಸದೆ ಎದ್ದುಹೋದ ದಿನಗಳೂ ಇದ್ದಿರಲೇಬೇಕು, ಮನುಷ್ಯರಲ್ಲವೇ! ಆದರೆ ಕಲ್ಲಿನಲ್ಲಿ ಕೊರೆಸುವುದು ತೀರ್ಮಾನವನ್ನು. ತೀರ್ಮಾನವಾಗದೆ ನಿಂತ ಸಭೆಗೆ ಕಲ್ಕುಟಿಗನಿಗೆ ಕೂಲಿ ಕೊಡುವವರಾರು? ಆದುದರಿಂದ ಸಭೆಯ ನಡುವಣ ವಿರಾಮವನ್ನು ಹೇಳುವ ಶಬ್ದವನ್ನು ಶಾಸನಗಳಲ್ಲಿ ಹುಡುಕುವುದಕ್ಕಿಂತ ಕಚೇರಿಯ ಕಾಗದಗಳ ಕಡೆ ತಿರುಗುವುದು ಲೇಸು.

ಕಚೇರಿ ಎಂದೊಡನೆ ಪಾರಸಿ ಮರಾಠಿಗಳ ಕಾಲ ನೆನಪಿಗೆ ಬರುತ್ತದೆ. ಮಡಕಶಿರಾದ ಮಗ್ಗುಲಿನಲ್ಲಿಯೇ ಇರುವ ಶಿರಾ 1687ರಿಂದ ಸುಮಾರು ಎಪ್ಪತ್ತು ವರ್ಷ ಮೊಗಲರ ಸುಭೆಯ ಮುಖ್ಯಸ್ಥಾನವಾಗಿತ್ತು. ಬಡಗಲ ಕಡೆ ಗುತ್ತಿಯಲ್ಲಿ ಮರಾಠ ಸರದಾರ ಮುರಾರಿರಾಯನಿದ್ದ. 1776ರಲ್ಲಿ ಹೈದರಾಲಿ ಆ ಕೋಟೆಯನ್ನು ಹಿಡಿದ. ಟಿಪ್ಪುವಿನ ಪತನಾನಂತರ ಈ ನಾಡು ನಿಜಾಮನಿಗೆ ಹೋಗಿ, 1800ರಲ್ಲಿ ಅವನಿಂದ ಕುಂಪಣಿ ಸರ್ಕಾರಕ್ಕೆ ದತ್ತವಾಗಿ, 'ದತ್ತಮಂಡಲ' ಎಂಬ ಹೆಸರು ಪಡೆಯಿತು. ಮೊದಲ ಪ್ರಿನ್ಸಿಪಾಲ್ ಕಲೆಕ್ಟರಾಗಿ ಬಂದ ತಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಜಮಾಬಂದಿ ಮಾಡಿದ. ಅವನ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತರ ಬರಹಭಾಷೆ ಬಹುಮಟ್ಟಿಗೆ ಮರಾಠಿ, ಅದರ ಹುರುಳಾದ ಶಬ್ದಗಳೆಲ್ಲ ಪಾರಸಿ ಅರಬ್ಬಿಯವು. ರೈತನ ಬಾಯಲ್ಲಿ ಕನ್ನಡವಿರಲಿ ತೆಲುಗಿರಲಿ, ಕಚೇರಿಯ ಹೊಸ್ತಿಲು ದಾಟಿದರೆ ಕಿಸ್ತು, ವಸೂಲು, ಬಾಕಿ, ತಕರಾರು, ಮುದ್ದತು, ವಾಯಿದೆ. ಇಂಥ ಶಬ್ದಗಳು ಕೋರ್ಟುಗಳಲ್ಲಿ ಎಷ್ಟು ಹಬ್ಬಿದ್ದುವೆಂದರೆ, ಕಡಪೆಯಲ್ಲಿ ಅಧಿಕಾರಿಯಾಗಿದ್ದು ತೆಲುಗಿಗೆ ಮಹದುಪಕಾರ ಮಾಡಿದ ಸಿ. ಪಿ. ಬ್ರೌನ್ ಸಾಹೇಬ ಇವಕ್ಕಾಗಿಯೇ 1852ರಲ್ಲಿ ಬೇರೊಂದು ಜಿಲ್ಲಾ ನಿಘಂಟನ್ನು ಅಚ್ಚು ಹಾಕಿಸಬೇಕಾಯಿತು.

ವಾಯಿದೆ ಎಂಬುದು ಮಾತು ಕೊಡುವುದೆಂಬ ಅರ್ಥದ ಅರಬ್ಬೀ ಮೂಲದ್ದು. ಹಿಂದಿಯಲ್ಲಿ ಇಂದಿಗೂ 'ವಾಯದಾ' ಎಂದರೆ ವಚನ. ಮರಾಠಿಗೆ ಬಂದಾಗ ಅದು 'ಇಂಥ ದಿನದೊಳಗೆ ಕೊಡುತ್ತೇನೆ' ಎಂಬ ಮಾತಿನಲ್ಲಿಯ ದಿನವನ್ನೇ ಹಿಡಿದುಕೊಂಡು 'ಅವಧಿ' ಎಂದಾಯಿತು. ಬೊಂಬಾಯಿಯ ವರ್ತಕರು ಮುಂದಿನ ತಿಂಗಳ ಮಾಲಿಗೆ ಇಂದೇ ಬೆಲೆ ಕಟ್ಟುವ ವ್ಯಾಪಾರವನ್ನು ವಾಯದಾ ಬಜಾರೆನ್ನುವುದು ಇದರಿಂದಲೇ. ಕನ್ನಡದಲ್ಲಿಯೂ ಮೊದಲರ್ಥ ಅದೇ: ಸಾಲದ ವಾಯಿದೆ ತೀರಿತು, ವಾಯಿದೆ ಮೀರಿತು. ಅದರಿಂದ ಕೋರ್ಟಿನ ಅರ್ಥ ಹುಟ್ಟಿತು: ಮೊಕದ್ದಮೆಯ ಮುಂದಿನ ವಿಚಾರಣೆಗೆ ಗೊತ್ತುಮಾಡಿದ ದಿನ. 'ಸೋಮವಾರ ವಾಯಿದೆ ಇದೆ, ಊರಲ್ಲಿರೋದಿಲ್ಲ' ಎಂದು ರೈತ ಹೇಳಿದರೆ ಅವನು ತಾಲ್ಲೂಕು ಕೋರ್ಟಿಗೆ ಹೊರಟನೆಂದರ್ಥ. ತೆಲುಗಿನವರು ಇನ್ನೂ ಎರಡು ಹೆಜ್ಜೆ ಮುಂದೆ ಹೋದರು. ಕಂತುಗಳಲ್ಲಿ ಹಣ ಕಟ್ಟುವುದನ್ನು 'ವಾಯಿದಾಲ ಪದ್ಧತಿ' ಎಂದರು. ಸಭೆಯನ್ನು ನಿಲ್ಲಿಸಿಡುವುದನ್ನು 'ವಾಯಿದಾ ವೇಯುಟ' ಎಂದರು. ವಚನ, ಅವಧಿ, ವಿಚಾರಣೆಯ ದಿನ, ಕಂತು, ಸಭೆಯ ನಿಲುಗಡೆ: ಒಂದೇ ಶಬ್ದ ಐದು ವೇಷ ತೊಟ್ಟಿತು. ನಮ್ಮ ಗಡಿನಾಡಿನ ಕನ್ನಡಿಗನಿಗೆ ಈ ಐದರಲ್ಲಿ ಎರಡು ಮೂರು ಮನೆಯ ಕನ್ನಡದಿಂದ ಬಂದುವು, ಉಳಿದವು ತೆಲುಗಿನ ಕಚೇರಿಯಿಂದ ಬಂದುವು. ಅವನ ತಲೆಯಲ್ಲಿ ಅವು ಒಂದರೊಳಗೊಂದು ಹೆಣೆದುಕೊಂಡಿವೆ.

ಇದಕ್ಕೆ ಸಮಾನವಾದ ಇಂಗ್ಲಿಷ್ ಶಬ್ದವನ್ನು ಬಿಡಿಸಿದರೂ ಇಂಥದೇ ಒಂದು ಚಿತ್ರ ಕಾಣುತ್ತದೆ. ನಾವೆಲ್ಲ 'ಅಡ್ಜರ್ನ್' ಎನ್ನುವ ಮಾತು ಹಳೆಯ ಫ್ರೆಂಚಿನದು. ಅದರ ಹೊಟ್ಟೆಯಲ್ಲಿರುವುದು 'ಜೂರ್', ಎಂದರೆ ದಿನ. ಒಂದು ದಿನಕ್ಕೆ ಗೊತ್ತುಪಡಿಸುವುದು ಎಂಬುದೇ ಅದರ ಮೂಲಾರ್ಥ. ಅರಬಸ್ಥಾನದಿಂದ ಹೊರಟ ಶಬ್ದವೂ ಫ್ರಾನ್ಸಿನಿಂದ ಹೊರಟ ಶಬ್ದವೂ ಹೀಗೆ ರಾಯದುರ್ಗದ ಸಭೆಯಲ್ಲಿ ಒಂದನ್ನೊಂದು ಎದುರುಗೊಂಡು, ಇಬ್ಬರ ಕೈಯಲ್ಲಿಯೂ ಒಂದೇ ಚೀಟಿ ಇರುವುದನ್ನು ಕಂಡುವೆನ್ನಬಹುದು: ಇಂಥ ದಿನ ಮತ್ತೆ ಬನ್ನಿ ಎಂಬ ಚೀಟಿ. ನಿಲ್ಲಿಸುವುದು ಎಂಬ ಅರ್ಥ ಎರಡಕ್ಕೂ ಆಮೇಲೆ ಬಂದದ್ದು; ದಿನ ಹೇಳುವುದು ಮೊದಲಿನದು.

ಇಂಗ್ಲಿಷಿನವರು ದಿನ ಹೇಳದೆ ಸಭೆ ನಿಲ್ಲಿಸುವಾಗ ಲ್ಯಾಟಿನಿನಲ್ಲಿ 'ಸೈನೆ ಡೈ' ಎಂದು ಸೇರಿಸುತ್ತಾರೆ. 'ದಿನವಿಲ್ಲದೆ' ಎಂದು ಅದರರ್ಥ. ದಿನ ಗೊತ್ತುಮಾಡುವುದೆಂಬ ಕ್ರಿಯೆಗೆ ದಿನವಿಲ್ಲದೆ ಎಂಬ ವಿಶೇಷಣ! ತೆಲುಗು ಪತ್ರಿಕೆಗಳಲ್ಲಿ ಇದಕ್ಕೆ 'ನಿರವಧಿಕ ವಾಯಿದಾ' ಎನ್ನುತ್ತಾರೆ. ವಾಯಿದೆ ಎಂದರೂ ಅವಧಿಯೇ. ನಿರವಧಿಕ ವಾಯಿದಾ ಎಂದರೆ ಅವಧಿಯಿಲ್ಲದ ಅವಧಿ. ವ್ಯಾಕರಣ ಕಲಿತ ಹುಡುಗನಿಗೆ ನಗು ಬಂದೀತು. ಆದರೆ ಭಾಷೆ ಹೀಗೆಯೇ ಬೆಳೆಯುವುದು. ಒಳಗಿನ ಅರ್ಥ ಸವೆದ ಮೇಲೆ ಹೊರಗಿನಿಂದ ಅದೇ ಅರ್ಥವನ್ನು ಮತ್ತೆ ತಂದು ಅಂಟಿಸುತ್ತಾರೆ, ಇಲ್ಲವೆ ಅದಕ್ಕೆ ವಿರುದ್ಧವಾದುದನ್ನೇ ಅಂಟಿಸುತ್ತಾರೆ.

ಇನ್ನು ಕನ್ನಡದ ಶಬ್ದಗಳ ಕಡೆ ಬರೋಣ. 'ಬರಖಾಸ್ತು' ಹಳೆಯದು, ಪಾರಸಿಯದು, ಏಳುವುದು ಎಂದರ್ಥ. ದರ್ಬಾರು ಬರಖಾಸ್ತಾಯಿತೆಂದರೆ ಎಲ್ಲರೂ ಎದ್ದು ಹೋದರೆಂದು ತಾತ್ಪರ್ಯ, ನಾಳೆ ಕೂಡುವ ಮಾತು ಅದರಲ್ಲಿಲ್ಲ. 'ಬಿಡುವು', 'ವಿರಾಮ' ಇವು ಸ್ವಲ್ಪ ಹೊತ್ತಿನವು. ಅದೇ ದಿನ ಊಟವಾದ ಮೇಲೆ ಮತ್ತೆ ಕೂಡುವುದಕ್ಕೆ ಇವನ್ನು ಬಳಸಬೇಕು. ಶಾಲೆಯ ಗಂಟೆ ಹೊಡೆದು ಮಕ್ಕಳನ್ನು ಹೊರಗೆ ಬಿಡುವುದೂ ಈ ಜಾತಿಯದೇ. 'ವಿಸರ್ಜನೆ' ಎಂದರೆ ಮುಗಿದೇಹೋಯಿತು, ಗಣಪತಿಯನ್ನು ಬಾವಿಗೆ ಬಿಟ್ಟಂತೆ. 'ಮುಂದೂಡು' ಎಂಬುದೇ ಈಗ ಬಹುಪ್ರಚಾರದ ಶಬ್ದ. ಮುಂದಕ್ಕೆ ದೂಡು ಎಂಬುದೇ ಅದರಲ್ಲಿ ಕಿವಿಗೆ ಕೇಳುತ್ತದೆ. ದೂಡುವುದಕ್ಕೆ ಕೈ ಬೇಕು, ದಿನ ಬೇಕಾಗಿಲ್ಲ! ಎಲ್ಲಿಗೆ ದೂಡಿದೆ ಎಂದು ಹೇಳದಿದ್ದರೂ ವಾಕ್ಯ ಪೂರ್ಣವಾಗಿಯೇ ನಿಲ್ಲುತ್ತದೆ. ಅಚ್ಚಗನ್ನಡವೆಂಬ ಅಭಿಮಾನ ನಮಗೂ ಇದೆ. ಆದರೆ ಈ ಒಂದು ವಿಷಯದಲ್ಲಿ ಪರದೇಶದ ವಾಯಿದೆಯೇ ಮೇಲೆಂದು ಒಪ್ಪಬೇಕಾಗುತ್ತದೆ. ಸವೆದಿದ್ದರೂ ಅದರ ತಿರುಳಿನಲ್ಲಿ ಒಂದು ದಿನವಿದೆ.

ಇಲ್ಲಿ 'ನಿಲುವಳಿ' ಎಂಬ ಶಬ್ದವನ್ನು ವಿಶೇಷವಾಗಿ ಎತ್ತಿಕೊಳ್ಳಬೇಕು. ಕರ್ನಾಟಕದ ವಿಧಾನಸಭೆಯಲ್ಲಿ 'ನಿಲುವಳಿ ಸೂಚನೆ' ಎಂಬುದು ಪ್ರಸಿದ್ಧವಾದ ಮಾತು. ನಿಯಮ 60ರ ಮೇರೆಗೆ ವಿರೋಧಪಕ್ಷದವರು ಅದನ್ನು ತರುವುದು, ಸಭಾಧ್ಯಕ್ಷರು ಅದನ್ನು ಹಲವು ಸಲ ನಿಯಮ 69ಕ್ಕೆ ಬದಲಾಯಿಸಿ ಚರ್ಚೆಗೆ ಅವಕಾಶ ಕೊಡುವುದು ಬಳ್ಳಾರಿಯಿಂದ ಬರುವ ಪತ್ರಿಕೆಗಳಲ್ಲಿ ನಾವು ಓದುವ ಸಂಗತಿ. ಅದೇ ಸಂಗತಿಗೆ ಆಂಧ್ರ ಶಾಸನಸಭೆಯಲ್ಲಿ 'ವಾಯಿದಾ ತೀರ್ಮಾನಂ' ಎನ್ನುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಹುಡುಗರಿಗೆ ಮನೆಗೆ ಬರುವ ಪತ್ರಿಕೆಯ ನಿಲುವಳಿಯೂ ತೆಲುಗು ದೂರದರ್ಶನದ ವಾಯಿದಾ ತೀರ್ಮಾನವೂ ಒಂದೇ ಎಂದು ತಿಳಿಯುವುದಿಲ್ಲ. ಎರಡನ್ನೂ ಬೇರೆ ಬೇರೆ ಅಸ್ತ್ರಗಳೆಂದೇ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಎರಡು ಭಾಷೆಗಳು ಒಂದೇ ವಸ್ತುವಿನ ಎರಡು ಮಗ್ಗುಲನ್ನು ಹಿಡಿದುಕೊಂಡಿವೆ, ಅಷ್ಟೆ.

ಈ ಸೂಚನೆ ಹುಟ್ಟಿದ್ದು ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ. 'ಸಭೆ ಈಗ ಏಳತಕ್ಕದ್ದು' ಎಂಬ ಸೂಚನೆ ಬಂದರೆ ಆ ನೆಪದಲ್ಲಿ ಯಾವ ವಿಷಯವನ್ನು ಬೇಕಾದರೂ ಮಾತಾಡಬಹುದಾಗಿತ್ತು. ಇದರ ದುರುಪಯೋಗ ಹೆಚ್ಚಲಾಗಿ, 1882ರಲ್ಲಿ ಅಲ್ಲಿ ಕಟ್ಟು ಮಾಡಿದರು: ವಿಷಯ ಖಚಿತವಾಗಿರಬೇಕು, ಜರೂರಾಗಿರಬೇಕು, ಸಾರ್ವಜನಿಕ ಮಹತ್ವದ್ದಾಗಿರಬೇಕು, ನಲವತ್ತು ಮಂದಿ ಎದ್ದು ನಿಂತು ಬೆಂಬಲಿಸಬೇಕು ಎಂದು. ಆ ಪದ್ಧತಿ ನಮ್ಮಲ್ಲಿಗೆ 1919ರ ಸುಧಾರಣೆಗಳ ತರುವಾಯ ಬಂತು. ಜವಾಬ್ದಾರಿಯಿಲ್ಲದ ಸರ್ಕಾರವನ್ನು ಕಟಕಟೆಗೆ ಎಳೆಯಲು ಆಗ್ಗೆ ಸದಸ್ಯರಿಗಿದ್ದ ಸಾಧನಗಳಲ್ಲಿ ಇದು ಮುಖ್ಯವಾದುದು. ಸ್ವಾತಂತ್ರ್ಯಾನಂತರ ಲೋಕಸಭೆಯ ಮೊದಲ ಸ್ಪೀಕರಾದ ಮಾವಳಂಕರರು, ಇದು ನಿತ್ಯದ ಸಾಧನವಲ್ಲ, ಅಸಾಧಾರಣ ಸಂದರ್ಭಕ್ಕೆ ಮೀಸಲು ಎಂಬ ಧೋರಣೆ ಹಿಡಿದರು. ಇಷ್ಟನ್ನು ನೋಡಿದರೆ ಸ್ಪಷ್ಟವಾಗುವುದೇನೆಂದರೆ, ಇಲ್ಲಿ ನಿಲ್ಲುವುದು ಸಭೆಯಲ್ಲ. ಅಂದಿನ ಪಟ್ಟಿಯಲ್ಲಿದ್ದ ಕಾರ್ಯ ನಿಲ್ಲುತ್ತದೆ, ಸಭೆ ಆ ಜರೂರು ವಿಷಯವನ್ನು ಹಿಡಿದು ಮತ್ತಷ್ಟು ಬಿರುಸಾಗಿ ನಡೆಯುತ್ತದೆ. ತೆಲುಗಿನ ವಾಯಿದಾ ತೀರ್ಮಾನ ಇಂಗ್ಲಿಷಿನ ಅಕ್ಷರವನ್ನು ಅನುವಾದಿಸಿತು. ಕನ್ನಡದ ನಿಲುವಳಿ ಅದರ ಕೆಲಸವನ್ನು ಹೆಸರಿಸಿತು. ಸಭೆಯ ಕಾರ್ಯಕಲಾಪಕ್ಕೆ 'ನಡವಳಿ' ಎಂದು ಮೊದಲೇ ಹೆಸರಿತ್ತಷ್ಟೆ. ನಡೆಯುವುದು ನಡವಳಿ, ಅದನ್ನು ನಿಲ್ಲಿಸುವುದು ನಿಲುವಳಿ. ಈ ಜೋಡಿಯ ಅಂದವನ್ನು ತರಗತಿಯಲ್ಲಿ ಒಮ್ಮೆ ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಹುಡುಗರು ಮರೆಯುವುದಿಲ್ಲ. ಒಂದು ತೊಡಕು ಮಾತ್ರ ನಮ್ಮ ಸೀಮೆಗೆ ವಿಶೇಷ: ತೆಲುಗಿನಲ್ಲಿ 'ನಿಲುವ' ಎಂದರೆ ದಾಸ್ತಾನು, ಕೈಯಲ್ಲುಳಿದ ಬಾಕಿ. ಬೇಳೆಯಂಗಡಿಯವನ ಮಗನೊಬ್ಬ ನಿಲುವಳಿ ಸೂಚನೆಯೆಂದರೆ ಸರ್ಕಾರದ ದಾಸ್ತಾನು ಲೆಕ್ಕ ಕೇಳುವುದೆಂದು ಬರೆದಿದ್ದ. ಅವನಿಗೆ ನಾವು ಅರ್ಧ ಅಂಕ ಕೊಟ್ಟೆವು, ತರ್ಕಕ್ಕಾಗಿ.

ದಿನ ಹೇಳಿ ನಿಲ್ಲಿಸುವುದಕ್ಕೂ ಹೇಳದೆ ನಿಲ್ಲಿಸುವುದಕ್ಕೂ ಎಷ್ಟು ಅಂತರವೆಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಎರಡು ದೃಷ್ಟಾಂತಗಳುಂಟು. ಒಂದು ಸಂವಿಧಾನ ಸಭೆಯದು. 1946ರ ಡಿಸೆಂಬರ್ 9ರಂದು ಅದು ಮೊದಲು ನೆರೆಯಿತು. 13ರಂದು ಜವಾಹರಲಾಲ್ ನೆಹರೂ ಧ್ಯೇಯಗಳ ನಿರ್ಣಯವನ್ನು ಮಂಡಿಸಿದರು. ಮುಸ್ಲಿಂ ಲೀಗಿನವರು ಸಭೆಗೆ ಬಂದಿರಲಿಲ್ಲ, ಸಂಸ್ಥಾನಗಳ ಪ್ರತಿನಿಧಿಗಳೂ ಇರಲಿಲ್ಲ. ಅವರು ಬರುವವರೆಗೆ ನಿರ್ಣಯವನ್ನು ತಡೆದಿಡಬೇಕೆಂದು ಎಂ. ಆರ್. ಜಯಕರರು ತಿದ್ದುಪಡಿ ತಂದರು. ವಾದವಿವಾದಗಳಾದ ಮೇಲೆ ನಿರ್ಣಯದ ಅಂಗೀಕಾರವನ್ನು ಆಗ ನಿಲ್ಲಿಸಿ, ಸಭೆ ಮತ್ತೆ 1947ರ ಜನವರಿ 20ರಂದು ಕೂಡುವುದೆಂದು ಗೊತ್ತಾಯಿತು. ಗೊತ್ತಾದ ದಿನ ಕೂಡಿತು. ಜನವರಿ 22ರಂದು ನಿರ್ಣಯ ಅಂಗೀಕೃತವಾಯಿತು. ಬಾರದವರಿಗಾಗಿ ಕಾದದ್ದೂ ಆಯಿತು, ಕೆಲಸ ಕೆಡಲೂ ಇಲ್ಲ. ವಾಯಿದೆ ಎಂಬ ಶಬ್ದದ ಪೂರ್ಣಾರ್ಥ ಇದು.

ಎರಡನೆಯದು ನಮ್ಮ ನೆಲಕ್ಕೇ ತಟ್ಟಿದ್ದು. ಭಾಷಾವಾರು ಪ್ರಾಂತಗಳ ವಿಚಾರವನ್ನು ಪರಿಶೀಲಿಸಲು 1948ರಲ್ಲಿ ದಾರ್ ಆಯೋಗ ಕೂಡಿತು. ಸದ್ಯಕ್ಕೆ ಬೇಡವೆಂದು ಅದರ ಅಭಿಪ್ರಾಯ. ಆಮೇಲೆ ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿ ಸೀತಾರಾಮಯ್ಯ ಈ ಮೂವರ ಸಮಿತಿ 1949ರಲ್ಲಿ ತನ್ನ ವರದಿ ಕೊಟ್ಟಿತು. ಕೆಲವು ವರ್ಷ ಈ ಪ್ರಶ್ನೆಯನ್ನು ಮುಂದಕ್ಕೆ ಹಾಕುವುದು ಒಳಿತು, ಆಂಧ್ರದ ಮಾತು ಬೇಕಾದರೆ ಬೇರೆ ಎಂದು ಅದರ ಸಾರಾಂಶ. 'ಕೆಲವು ವರ್ಷ' ಎಂಬುದು ದಿನವಲ್ಲ. ವಾಯಿದೆಯಿಲ್ಲದೆ ಮುಂದೂಡಿದ ಪ್ರಶ್ನೆ ಸುಮ್ಮನೆ ಕುಳಿತಿರಲಿಲ್ಲ. 1952ರ ಅಕ್ಟೋಬರ್ 19ರಂದು ಪೊಟ್ಟಿ ಶ್ರೀರಾಮುಲು ಮದರಾಸಿನಲ್ಲಿ ಉಪವಾಸಕ್ಕೆ ಕುಳಿತು ಡಿಸೆಂಬರ್ 15ರಂದು ಪ್ರಾಣಬಿಟ್ಟರು. ನಾಲ್ಕು ದಿನಗಳಲ್ಲಿ ನೆಹರೂ ಆಂಧ್ರ ರಾಜ್ಯವನ್ನು ಘೋಷಿಸಿದರು. ವರ್ಷಗಳ ಕಾಲ ದಿನವೇ ಇಲ್ಲದಿದ್ದ ಕಾರ್ಯಕ್ಕೆ ಒಮ್ಮೆಲೇ ಅವಸರ ಬಂತು. ವಾಂಛೂ ಅವರ ವರದಿ, ಬಳ್ಳಾರಿ ತಾಲ್ಲೂಕಿನ ಬಗ್ಗೆ ಮಿಶ್ರಾ ಅವರ ವಿಚಾರಣೆ, ಕಾಯಿದೆ, ಎಲ್ಲವೂ ಹತ್ತು ತಿಂಗಳೊಳಗೆ ಮುಗಿದು, ಬಳ್ಳಾರಿ ಜಿಲ್ಲೆ ಇಬ್ಭಾಗವಾಗಿ, ಏಳು ತಾಲ್ಲೂಕು ಮೈಸೂರಿಗೂ ಮೂರು ತಾಲ್ಲೂಕು ಆಂಧ್ರಕ್ಕೂ ಹೋದುವು. ಮೂರರಲ್ಲಿ ರಾಯದುರ್ಗ ಒಂದು. ತಾಲ್ಲೂಕನ್ನು ಮಾನದಂಡವಾಗಿ ಹಿಡಿದದ್ದು ಸರಿಯೋ, ಹಳ್ಳಿಯನ್ನು ಹಿಡಿಯಬೇಕಾಗಿತ್ತೋ ಎಂಬ ವಿವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ದಿನ ಗೊತ್ತುಮಾಡಿಕೊಂಡು ಸಾವಧಾನವಾಗಿ ಕುಳಿತಿದ್ದರೆ ಗಡಿಯ ಹಳ್ಳಿಗಳ ಮಾತನ್ನು ಇನ್ನಷ್ಟು ಕಿವಿಗೊಟ್ಟು ಕೇಳಲು ಸಮಯವಿರುತ್ತಿತ್ತೆಂದಷ್ಟೇ ನಮ್ಮ ಅಭಿಪ್ರಾಯ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಗಳನ್ನೂ ಆಂಧ್ರಕ್ಕೆ ಶಿಫಾರಸು ಮಾಡಿತು, ಅದು ನಡೆಯಲಿಲ್ಲ.

ಇಷ್ಟು ದೊಡ್ಡ ಸಂಗತಿಗಳಿಂದ ಒಂದು ಶಾಲೆಯ ಸಮಿತಿಗೆ ಇಳಿಯುವುದು ವಿಚಿತ್ರವೆನಿಸಬಹುದು. ಆದರೆ ನಮ್ಮ ಊರುಗಳಲ್ಲಿ ಶಬ್ದದ ಪರೀಕ್ಷೆ ನಡೆಯುವುದು ಅಲ್ಲಿಯೇ. ಎರಡೂ ಮಾಧ್ಯಮಗಳಿರುವ ಒಂದು ಶಾಲೆ. ಕನ್ನಡ ವಿಭಾಗದಲ್ಲಿ ಮಕ್ಕಳು ಕಡಮೆಯಾಗುತ್ತಿದ್ದಾರೆ, ಒಬ್ಬ ಉಪಾಧ್ಯಾಯರು ನಿವೃತ್ತರಾಗಿದ್ದಾರೆ. ಆ ಸ್ಥಾನಕ್ಕೆ ಕನ್ನಡದವರನ್ನೇ ಕೇಳಿ ಬರೆಯಬೇಕೆಂಬ ವಿಷಯ ಸಮಿತಿಯ ಮುಂದೆ ಬಂತು. ಚರ್ಚೆಯಾಯಿತು, ಹೊತ್ತಾಯಿತು. ತೀರ್ಮಾನದ ಪುಸ್ತಕದಲ್ಲಿ ತೆಲುಗಿನಲ್ಲಿ ಬರೆದದ್ದು ಇಷ್ಟು: 'ಈ ಅಂಶಮು ವಾಯಿದಾ ವೇಯಡಮೈನದಿ.' ಸಭೆಯಲ್ಲಿದ್ದ ವೃದ್ಧ ರೈತರೊಬ್ಬರು, ಮೊಮ್ಮಗಳು ಆ ಶಾಲೆಯ ಕನ್ನಡ ವಿಭಾಗದಲ್ಲಿ ಓದುತ್ತಿದ್ದವರು, ರುಜು ಹಾಕುವ ಮೊದಲು ಕೇಳಿದರು: 'ಯಾವ ತಾರೀಕಿಗೆ ಸಾರ್ ವಾಯಿದೆ?' ಬರೆಯುತ್ತಿದ್ದವರು ನಕ್ಕು, 'ವಾಯಿದಾ ಅಂದ್ರೆ ವಾಯಿದಾನೇ ತಾತಾ, ತಾರೀಕೇನಿಲ್ಲ' ಎಂದರು. ವೃದ್ಧರು ನಗಲಿಲ್ಲ. 'ತಾರೀಕಿಲ್ದ ವಾಯಿದೆ ನಾನು ಕೋರ್ಟಲ್ಲೂ ಕಂಡಿಲ್ಲಪ್ಪ. ಬರ್ಕೊಡಿ, ನಾನು ಆವತ್ತು ಬರ್ತೀನಿ' ಎಂದು ಪೆನ್ನು ಕೆಳಗಿಟ್ಟರು.

ನಮ್ಮ ಮಟ್ಟಿಗೆ ಈ ಸೀಮೆಯಲ್ಲಿ ಶಬ್ದಾರ್ಥವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾವು ಕೇಳಿಲ್ಲ. ಆ ಹಿರಿಯರು ಮನೆಯ ಕನ್ನಡದ ವಾಯಿದೆಯನ್ನು ಹಿಡಿದಿದ್ದರು, ಬರೆಯುವವರು ತೆಲುಗು ಕಚೇರಿಯ ವಾಯಿದಾ ಹಿಡಿದಿದ್ದರು. ಇದು ತೆಲುಗಿನ ದೋಷವೆಂದು ಯಾರೂ ತಿಳಿಯಬಾರದು. ತೆಲುಗಿನಲ್ಲಿಯೂ 'ರೇಪಟಿಕಿ ವಾಯಿದಾ' ಎಂದು ದಿನ ಹೇಳಿಯೇ ನಿಲ್ಲಿಸುವುದುಂಟು. ಕನ್ನಡದಲ್ಲಿ ಬರೆದಿದ್ದರೆ 'ಮುಂದೂಡಲಾಯಿತು' ಎಂದಿರುತ್ತಿತ್ತು, ಆಗ ವೃದ್ಧರಿಗೆ ತಾರೀಕು ಕೇಳಲು ಒಂದು ಎಳೆಯೂ ಸಿಗುತ್ತಿರಲಿಲ್ಲ. ದೋಷವಿರುವುದು ಕ್ರಿಯಾಪದದ ಬಳಕೆಯಲ್ಲಿ. ವಾಯಿದಾ 'ಬಿತ್ತು', ಮಾತು ಮುಂದಕ್ಕೆ 'ಹೋಯಿತು', 'ಮುಂದೂಡಲಾಯಿತು'. ಮಳೆ ಬಿದ್ದಂತೆ ತಾನೇ ಬಿತ್ತು. ಹಾಕಿದವರು ಯಾರೂ ಇಲ್ಲ.

ಕಾನೂನು ಈ ಸೂಕ್ಷ್ಮವನ್ನು ಮೊದಲೇ ಬಲ್ಲದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಹದಿನೇಳನೆಯ ಆದೇಶದ ಪ್ರಕಾರ ನ್ಯಾಯಾಲಯ ವಿಚಾರಣೆಯನ್ನು ನಿಲ್ಲಿಸಿದಾಗ ಮುಂದಿನ ದಿನವನ್ನು ಗೊತ್ತುಮಾಡಲೇಬೇಕು. ಒಬ್ಬ ಕಕ್ಷಿಗೆ ಮೂರಕ್ಕಿಂತ ಹೆಚ್ಚು ಸಲ ವಾಯಿದೆ ಕೊಡಬಾರದೆಂದು ಆಮೇಲೆ ಸೇರಿಸಿದರು. ಎಷ್ಟರ ಮಟ್ಟಿಗೆ ನಡೆಯುತ್ತದೆಂಬುದನ್ನು ಕೋರ್ಟಿಗೆ ಅಲೆದವರೇ ಹೇಳಬೇಕು. 2013ರ ಕಂಪನಿ ಕಾಯಿದೆಯಂತೆ ಷೇರುದಾರರ ಸಾಮಾನ್ಯ ಸಭೆಗೆ ಕೋರಂ ಸಿಗದಿದ್ದರೆ, ಬೇರೆ ಗೊತ್ತುಮಾಡದ ಪಕ್ಷದಲ್ಲಿ, ಮುಂದಿನ ವಾರ ಅದೇ ದಿನ, ಅದೇ ಹೊತ್ತು, ಅದೇ ಸ್ಥಳ. ಯಾರೂ ಹೇಳದಿದ್ದರೆ ಕಾಯಿದೆಯೇ ದಿನ ಹೇಳುತ್ತದೆ. ಶಾಸನಸಭೆಯಲ್ಲಿ ಸಭೆಯನ್ನು ದಿನದಿಂದ ದಿನಕ್ಕೆ ನಿಲ್ಲಿಸುವುದು ಸಭಾಧ್ಯಕ್ಷರ ಅಧಿಕಾರ. ಅಧಿವೇಶನವನ್ನೇ ಮುಕ್ತಾಯ ಮಾಡುವುದೂ ಸಭೆಯನ್ನು ವಿಸರ್ಜಿಸುವುದೂ ಸಂವಿಧಾನದ 174ನೆಯ ಅನುಚ್ಛೇದದ ಪ್ರಕಾರ ರಾಜ್ಯಪಾಲರಿಂದ. ಅಧಿವೇಶನ ಮುಗಿದರೂ ಬಾಕಿಯಿದ್ದ ವಿಧೇಯಕ ಸಾಯುವುದಿಲ್ಲವೆಂದು 196ನೆಯ ಅನುಚ್ಛೇದ ಸ್ಪಷ್ಟವಾಗಿ ಹೇಳಿದೆ. ವಿಧಾನಸಭೆ ವಿಸರ್ಜನೆಯಾದರೆ ಅದರ ಮುಂದಿದ್ದ ವಿಧೇಯಕ ಬಿದ್ದುಹೋಗುತ್ತದೆ. ಗ್ರಾಮದ ಸಮಿತಿಗಳಿಗೆ ಇಷ್ಟು ಕಟ್ಟುನಿಟ್ಟು ಎಲ್ಲಿಯದು? ಅಲ್ಲಿ ದಿನವಿಲ್ಲದೆ ನಿಂತ ವಿಷಯ, ಮುಂದಿನ ಸಭೆಯ ಪಟ್ಟಿಯಲ್ಲಿ ಯಾರೂ ಬರೆಯದಿದ್ದರೆ, ವಿಸರ್ಜನೆಯಾಗದೆಯೇ ವಿಸರ್ಜನೆಯಾದಂತೆ. ಕನ್ನಡ ಮಾಧ್ಯಮದ ಕೋಣೆಗಳು ಹೀಗೆ ಯಾವ ಆಜ್ಞೆಯೂ ಇಲ್ಲದೆ, ಯಾರ ವಿರೋಧವೂ ಇಲ್ಲದೆ ಮುಚ್ಚುವುದನ್ನು ಡಿ. ಹಿರೇಹಾಳಿನ ಕಡೆಯ ನಮ್ಮ ಮಿತ್ರರೂ ಬಲ್ಲರು, ಅಮರಾಪುರ, ಅಗಳಿ, ರೊಳ್ಳದ ಕಡೆಯವರೂ ಬಲ್ಲರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು ಸಂವಿಧಾನದ 350ಎ ಅನುಚ್ಛೇದ 1956ರಿಂದ ಹೇಳುತ್ತಿದೆ. ಅದನ್ನು ಯಾರೂ ಅಲ್ಲಗಳೆದಿಲ್ಲ, ವಾಯಿದಾ ಹಾಕಿದ್ದಾರೆ.

ಹಾಗಾದರೆ ನಮ್ಮ ಸಂಘದ ಶಾಖೆಗಳಲ್ಲಿ ನಡವಳಿಯನ್ನು ಹೇಗೆ ಬರೆಯೋಣ ಎಂದು ಕೇಳಿದವರುಂಟು. ವಾಯಿದೆ ಬೇಡ, ಮುಂದೂಡಿಕೆಯೇ ಇರಲಿ ಎಂದು ಶುದ್ಧಿವಾದಿಗಳು ಹೇಳುತ್ತಾರೆ. ತೆಲುಗು ಮಿತ್ರರಿಗೂ ಅರ್ಥವಾಗಬೇಕಲ್ಲ, ವಾಯಿದಾ ಇರಲಿ ಎಂದು ಬೇರೆಯವರು. ನಮಗೆ ತೋರುವಂತೆ ಎರಡು ಭಾಷೆಗಳಿಗೂ ಒಂದೇ ಆಗಿರುವ, ಎರಡರಲ್ಲಿಯೂ ಅರ್ಥ ಸವೆಯದಿರುವ ಇನ್ನೊಂದು ಶಬ್ದ ನಮ್ಮ ಅಂಗಳದಲ್ಲಿಯೇ ಬಿದ್ದಿದೆ: 'ಗಡುವು'. ಕನ್ನಡದಲ್ಲಿಯೂ ಗಡುವು, ತೆಲುಗಿನಲ್ಲಿಯೂ ಗಡುವು. ಗಡುವಿಗೆ ದಿನವಿಲ್ಲವೆಂದು ಇಂದಿಗೂ ಯಾರೂ ಹೇಳಲಾರರು.

ಆದುದರಿಂದ ನಾವು ಬರೆಯುವುದು ಹೀಗೆ. ಅದೇ ದಿನ ಮತ್ತೆ ಕೂಡುವುದಾದರೆ, 'ಇಷ್ಟು ಗಂಟೆಯವರೆಗೆ ಬಿಡುವು'. ಮತ್ತೊಂದು ದಿನಕ್ಕಾದರೆ, 'ಇಂಥ ತಾರೀಕಿನ ಗಡುವಿಟ್ಟು ಅಧ್ಯಕ್ಷರು ಮುಂದೂಡಿದರು', ಮಾಡಿದವರ ಹೆಸರು ಸಹಿತ. ದಿನ ಗೊತ್ತಾಗದಿದ್ದರೆ, 'ಗಡುವಿಲ್ಲದೆ ನಿಂತಿದೆ' ಎಂದು ಕೆಂಪು ಶಾಯಿಯಲ್ಲಿ ಬರೆದು, ಮುಂದಿನ ಸಭೆಯ ಪಟ್ಟಿಯಲ್ಲಿ ಅದನ್ನೇ ಮೊದಲನೆಯ ವಿಷಯವಾಗಿ ಎತ್ತಿ ಬರೆಯುವುದು. ಮೇಲೆ ಹೇಳಿದ ವೃದ್ಧರು ಅಂದು ರುಜು ಹಾಕಿದ್ದು ಆ ಸಾಲಿನ ಪಕ್ಕದಲ್ಲಿ ಮುಂದಿನ ತಿಂಗಳ ಎರಡನೆಯ ಶನಿವಾರವೆಂದು ಬರೆಸಿದ ಮೇಲೆಯೇ. ಆ ಶನಿವಾರ ಅವರು ಎಲ್ಲರಿಗಿಂತ ಮೊದಲು ಬಂದು ಜಗಲಿಯ ಮೇಲೆ ಕುಳಿತಿದ್ದರು. ಕನ್ನಡದವರನ್ನೇ ಕೇಳುವ ಕಾಗದ ಅಂದು ಸಂಜೆಯೊಳಗೆ ಹೋಯಿತು.